ಕುರಿ ಕಾದಂಬರಿಗಳಿಗೆ ಓದುಗರು ಬೇಕಾಗಿದ್ದಾರೆ

ಲೈಬ್ರರಿಯಲ್ಲಿ ಗಲಾಟೆ ಮಾಡಬಾರದು ಎಂದು ಬೋರ್ಡು ಹಾಕಿದವಳು ನಾನೇ. ಅದೇ ಬೋರ್ಡಿನ ಕೆಳಗೆ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ನಗುವ ಪಾಡೂ ಪದೇ ಪದೇ ನನ್ನದೇ. ಒಮಾನಿನ ಸೀಬ್‌ನ ಒಂದು ಇಂಡಿಯನ್ ಶಾಲೆಯಲ್ಲಿ ನಾನು ಲೈಬ್ರೇರಿಯನ್. ಊರು ಉಡುಪಿ ಕಡೆ. ಇಲ್ಲಿ ನಡೆದದ್ದನ್ನೆಲ್ಲ ಹೇಳುತ್ತ ಕೂತರೆ ಮುಗಿಯುವುದಿಲ್ಲ. ಆರು ಕಾದಂಬರಿಗಳನ್ನು ಉಳಿಸಿಕೊಳ್ಳಲು ಹೋಗಿ ಆದ ಪಜೀತಿಯನ್ನಷ್ಟೇ ಹೇಳುತ್ತೇನೆ.

೧. ಲೆಕ್ಕಕ್ಕಿಲ್ಲದ ಓದುಗಳು

ಆರನ್ನೂ ಬರೆದವಳು ಒಬ್ಬಳೇ, ಸುಮಾರು ನೂರು ವರ್ಷದ ಹಿಂದಿನ ಇಂಗ್ಲಿಷ್ ಲೇಖಕಿ. ಎಲ್ಲ ಹಳ್ಳಿಯ ಪ್ರೇಮಕಥೆಗಳೇ. ಗುಡ್ಡ, ಮಂಜು, ಸೇಬಿನ ಮರ, ಕುರಿಮಂದೆ, ಬಾಯಿಬಿಟ್ಟು ಹೇಳಲಾಗದ ಪ್ರೀತಿ. ಕಾಲೇಜಿನಲ್ಲಿ ಪರೀಕ್ಷೆಯ ಹಿಂದಿನ ದಿನ ಅಕೌಂಟೆನ್ಸಿ ಪುಸ್ತಕದೊಳಗೆ ಇಟ್ಟುಕೊಂಡು ಓದಿದ್ದೆ. ಈ ಶಾಲೆಯ ಕಪಾಟಿನಲ್ಲಿ ಅವು ಕಣ್ಣಿಗೆ ಬಿದ್ದ ದಿನ ತವರಿನವರು ಸಿಕ್ಕಷ್ಟು ಖುಷಿಯಾಗಿತ್ತು.

ಕಳೆದ ವರ್ಷ ಆಫೀಸಿನಿಂದ ಒಂದು ಸರ್ಕ್ಯುಲರ್ ಬಂತು. ಮೂರು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳನ್ನು ಮಾರ್ಚ್ ಕೊನೆಗೆ ರದ್ದಿಗೆ ಹಾಕಬೇಕು. ಪಟ್ಟಿಯ ಮೊದಲಲ್ಲೇ ನನ್ನ ಆರು. ನಾನು ಪ್ರಿನ್ಸಿಪಾಲರ ಹತ್ತಿರ ಓಡಿದೆ. ಅವರು ಬಾಗಲಕೋಟೆ ಕಡೆಯವರು, ಮನಸ್ಸು ಮೆತ್ತಗೆ, ಮಾತು ಮಾತ್ರ ಕಟಕ್ ರೊಟ್ಟಿ.

"ಲೈಬ್ರರಿ ಕಮಿಟಿ ಕೂಡೂದ್ರಾಗ ಇವನ್ನ ಮನಸಿಟ್ಟು ಓದಿದವ್ರು ಒಬ್ಬರನ್ನರ ತಂದು ನಿಲ್ಲಸ್ರಿ ಮೇಡಂ, ಆರೂ ಇಟ್ಕೊಳ್ರಿ" ಎಂದರು.

"ನಾನೇ ಓದಿದ್ದೇನಲ್ಲ ಸರ್. ಎರಡೆರಡು ಸಲ."

"ನೀವು ಲೆಕ್ಕಕ್ಕಿಲ್ರಿ. ನಿಮಗ ಅದಕ್ಕ ಪಗಾರ ಕೊಡ್ತೀವಿ."

೨. ಮಳೆ ರಜೆ

ಮೊದಲು ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಬಲೆ ಬೀಸಿದೆ. "ಲವ್ ಸ್ಟೋರಿ" ಎಂದು ಚೀಟಿ ಬರೆದು ಪುಸ್ತಕದ ಮೇಲೆ ಅಂಟಿಸಿದೆ. ಒಬ್ಬಳು ಒಯ್ದಳು. ಎರಡು ದಿನ ಬಿಟ್ಟು ಬಂದು ನಿಂತಳು.

"ಮ್ಯಾಮ್, ಒಂದು ಡೌಟ್. ಇಲ್ಲಿ ಫಸ್ಟ್ ಪೇಜಿನಿಂದಲೂ ಮಳೆ ಬರ್ತಾನೇ ಇದೆ."

"ಹೌದಮ್ಮ, ಆ ಊರೇ ಹಾಗೆ. ವರ್ಷವಿಡೀ ಮಳೆ."

ಇಲ್ಲಿ ಮಳೆ ಎಂದರೆ ಏನೆಂದು ಓದುಗರಿಗೆ ಹೇಳಬೇಕು. ವರ್ಷವಿಡೀ ಒಣಗಿ ಬಿದ್ದಿರುವ ಹಳ್ಳಕ್ಕೆ ಇಲ್ಲಿ ವಾದಿ ಅನ್ನುತ್ತಾರೆ; ಅದರಲ್ಲಿ ನೀರು ನುಗ್ಗುತ್ತದೆ ಎಂದು ಸುದ್ದಿ ಬಂದರೆ ಸಾಕು, ಶಾಲೆಗಳಿಗೆ ರಜೆ. ವರ್ಷಕ್ಕೆ ಎರಡೋ ಮೂರೋ ದಿನ. ಮೋಡ ಕಂಡರೆ ಮಕ್ಕಳು ಕುಣಿಯುತ್ತಾರೆ.

ಹುಡುಗಿ ಒಂದು ಕ್ಷಣ ಯೋಚಿಸಿದಳು. ಮುಖ ಅರಳಿತು. "ಓ! ಅದಕ್ಕೇ ಹೀರೋಯಿನ್‌ಗೆ ಓದೋಕೆ ಬರಲ್ಲ!"

ಅನುಮಾನ ಪರಿಹಾರವಾದ ಮೇಲೆ ಮುಂದೆ ಓದುವ ಅಗತ್ಯ ಅವಳಿಗೆ ಕಾಣಲಿಲ್ಲ.

೩. ಪೆನ್ಸಿಲ್ ಗುರುತು

ಆಮೇಲೆ ಫಿಸಿಕ್ಸ್ ಟೀಚರನ್ನು ಹಿಡಿದೆ. ಮಂಗಳೂರಿನ ಕೊಂಕಣಿ ಕ್ರೈಸ್ತ ಹೆಂಗಸು, ಚರ್ಚಿನ ಪೂಜೆಯಲ್ಲೂ ಉತ್ತರಪತ್ರಿಕೆ ತಿದ್ದುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ತಮಾಷೆ. "ನೀವು ಕೇಳಿದ್ದೀರಿ ಅಂತ ತಗೊಳ್ತೇನೆ ಮಾರಾಯ್ರೆ, ಪ್ರಾಮಿಸ್ ಮಾಡುವುದಿಲ್ಲ" ಎಂದರು.

ವಾರದ ನಂತರ ಪುಸ್ತಕ ವಾಪಸು ಬಂತು. ಅರವತ್ತನೇ ಪುಟದ ತನಕ ಓದಿದ ಗುರುತಿತ್ತು. ಆ ಪುಟದಲ್ಲಿ, ಅಷ್ಟು ದಿನ ಬೇಲಿಯ ಆಚೆ ಮೂಕನಂತೆ ನಿಂತಿದ್ದ ಕುರುಬರ ಹುಡುಗ ಇದ್ದಕ್ಕಿದ್ದಂತೆ ಹುಡುಗಿಯ ಕೈ ಹಿಡಿದು "ನನ್ನನ್ನು ಮದುವೆಯಾಗು" ಅನ್ನುತ್ತಾನೆ. ನಾನು ಪ್ರತಿ ಸಲ ಕಣ್ಣೊರೆಸಿಕೊಂಡ ಜಾಗ ಅದು.

ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿತ್ತು: "ಉತ್ತರ ಸರಿ. ಸ್ಟೆಪ್ಸ್ ಇಲ್ಲ. ಎರಡು ಮಾರ್ಕ್ಸ್ ಕಟ್."

೪. ಹುಡುಗನ ಕಡೆಯವರು

ಮಾರ್ಚ್ ಹತ್ತಿರ ಬಂತು. ನನಗೆ ನಿಜವಾಗಿಯೂ ಬೇಸರವಾಗಿತ್ತು. ಆ ಆರನ್ನು ಮೇಜಿನ ಮೇಲೆ ಜೋಡಿಸಿಕೊಂಡು, ರದ್ದಿಯವರು ಯಾವ ಹೊತ್ತಿಗೆ ಬಂದಾರು ಎಂದು ಕೂತಿದ್ದೆ.

ನಮ್ಮ ಶಾಲೆಯ ಬಸ್ ಡ್ರೈವರೊಬ್ಬರು ಒಮಾನಿ. ಐವತ್ತರ ಪ್ರಾಯ, ಊರು ಒಳನಾಡಿನ ಇಬ್ರಿ ಪಟ್ಟಣದ ಆಚೆ ಒಂದು ಹಳ್ಳಿ, ಮನೆಯಲ್ಲಿ ಆಡು ಕುರಿ ಇವೆ. ಮಧ್ಯಾಹ್ನ ಬಸ್ ಹೊರಡುವ ತನಕ ಎಸಿಯ ತಂಪಿಗೆ ಲೈಬ್ರರಿಯಲ್ಲಿ ಬಂದು ಕೂರುತ್ತಾರೆ. ಅಂದು ಮೇಲಿನ ಪುಸ್ತಕದ ರಟ್ಟು ನೋಡಿ ಹಿಂದಿಯಲ್ಲಿ ಕೇಳಿದರು, "ಒಳ್ಳೆ ಕುರಿಗಳು ಟೀಚರ್. ಯಾರದು?"

ಹೇಳಿದೆ. ಗುಡ್ಡದ ಮೇಲೆ ಒಬ್ಬ ರೈತನ ಮಗಳು. ಅವಳಿಗೆ ಬಡ ಕುರುಬನ ಮೇಲೆ ಮನಸ್ಸು. ತಂದೆಗೆ ಹಿಟ್ಟಿನ ಗಿರಣಿಯ ಸಾಹುಕಾರನೇ ಅಳಿಯನಾಗಬೇಕು.

"ಹುಡುಗ ಎಷ್ಟು ಕುರಿ ನೋಡಿಕೊಳ್ಳುತ್ತಾನೆ?"

"ನೂರರ ಮೇಲೆ."

"ಒಬ್ಬನೇ?"

"ಒಬ್ಬನೇ. ಒಂದು ನಾಯಿ ಇದೆ."

"ಹಾಗಾದರೆ ಒಳ್ಳೆ ಹುಡುಗ. ಕೊಟ್ಟುಬಿಡಿ. ಖಲಾಸ್."

"ಇನ್ನೂ ಮುನ್ನೂರು ಪುಟ ಇದೆ."

ಅವರಿಗೆ ಆಶ್ಚರ್ಯವಾಯಿತು. "ಮುನ್ನೂರು ಪುಟ ಯಾಕೆ? ಹುಡುಗಿಯ ತಂದೆಗೆ ಕುರಿ ಸಾಕಿ ಗೊತ್ತಿಲ್ಲವಾ?"

ಅಂದಿನಿಂದ ದಿನಕ್ಕೆ ಒಂದು ಅಧ್ಯಾಯ ಹೇಳುವುದು ನನ್ನ ಕೆಲಸವಾಯಿತು. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಗುರುವಾರ ಸಂಜೆ ಅವರು ಊರಿಗೆ ಹೋಗಿ ತಾಯಿಗೆ ಹೇಳುತ್ತಿದ್ದರು. ರಟ್ಟಿನ ಕುರಿಗಳನ್ನು ತೋರಿಸಬೇಕೆಂದು ಪುಸ್ತಕವನ್ನೂ ಒಯ್ದರು. ನಾನು ಕಾರ್ಡಿನಲ್ಲಿ ಶಾಸ್ತ್ರೋಕ್ತವಾಗಿ ಬರೆದುಕೊಂಡೆ. ಭಾನುವಾರ ಬರುವಾಗ ಮುದುಕಿಯ ಪ್ರಶ್ನೆಗಳ ಮೂಟೆ ಬರುತ್ತಿತ್ತು. ಮರಿಗೆ ಚಳಿ ಹಿಡಿದಾಗ ಆ ಹುಡುಗಿ ಏನು ಕುಡಿಸಿದಳು? ಕುಂಟುವ ಕುರಿಯ ಗೊರಸು ಬಿಡಿಸಿ ನೋಡಿದ್ದಾರಾ? ಹಿಮ ಅಂದರೇನೆಂದು ಮುದುಕಿಗೆ ತಿಳಿಯದು, ಆದರೆ ಗುಡ್ಡದಲ್ಲಿ ಕುರಿ ತಪ್ಪಿಸಿಕೊಂಡಾಗ ಆಗುವ ಸಂಕಟ ತಿಳಿದಿತ್ತು. ಆ ಲೇಖಕಿಗೆ ನೂರು ವರ್ಷದ ಮೇಲೆ ಇಬ್ರಿಯ ಆಚೆ ಒಬ್ಬಳು ಗೆಳತಿ ಸಿಕ್ಕಿದ್ದಳು. ನನಗೆ ಸಂತೋಷದ ಜೊತೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಾನು ಎರಡು ಸಲ ಓದಿದರೂ ಗೊರಸಿನ ವಿಷಯ ತಲೆಗೆ ಹೋಗಿರಲಿಲ್ಲ.

೫. ಕಮಿಟಿ

ಕಮಿಟಿಯ ದಿನ ಲೈಬ್ರರಿಯಲ್ಲಿ ಪ್ರಿನ್ಸಿಪಾಲರೂ ಇನ್ನಿಬ್ಬರೂ ಕೂತರು. ನಾನು ಡ್ರೈವರನ್ನು ತಂದು ನಿಲ್ಲಿಸಿದೆ.

"ಇವ್ರಿಗೆ ಇಂಗ್ಲಿಷ್ ಓದಾಕ ಬರೂದಿಲ್ಲಲ್ರೀ ಮೇಡಂ!"

"ಕತೆ ಕೇಳಿ ನೋಡಿ ಸರ್."

ಪ್ರಿನ್ಸಿಪಾಲರು ಗಡಿಯಾರ ನೋಡಿ, ಐದು ನಿಮಿಷ ಎಂದರು. ಡ್ರೈವರು ಕುರ್ಚಿ ಎಳೆದು ಕೂತು ಹಿಂದಿಯಲ್ಲಿ ಶುರು ಮಾಡಿದರು. ಅವರ ಬಾಯಲ್ಲಿ ಗುಡ್ಡ ಇಬ್ರಿಯ ಗುಡ್ಡವಾಗಿತ್ತು, ಸೇಬಿನ ಮರ ಖರ್ಜೂರವಾಗಿತ್ತು, ಗಿರಣಿ ಸಾಹುಕಾರನ ಕುದುರೆಗೆ ನಾಲ್ಕು ಚಕ್ರ ಬಂದಿತ್ತು. ನಾನು ತಿದ್ದಲು ಹೋಗಲಿಲ್ಲ. ಮದುವೆಯ ಬೆಳಿಗ್ಗೆ ಬಂತು. ಸಾಹುಕಾರ ಬಾಗಿಲಲ್ಲಿದ್ದಾನೆ. ಅಷ್ಟರಲ್ಲಿ ಸುದ್ದಿ, ಗುಡ್ಡದ ಮೇಲೆ ಹೆರಿಗೆ ನೋವು ತಿನ್ನುತ್ತಿರುವ ಕುರಿಯ ಹತ್ತಿರ ಕುರುಬ ಒಬ್ಬನೇ ಇದ್ದಾನೆ, ಮರಿ ಅಡ್ಡ ಸಿಕ್ಕಿಕೊಂಡಿದೆ. ಹುಡುಗಿ ಮದುವೆಯ ಬಟ್ಟೆಯಲ್ಲೇ ಗುಡ್ಡ ಹತ್ತಿದಳು. ತಂದೆ ಕೂಗುತ್ತಿದ್ದಾನೆ. ಪ್ರಿನ್ಸಿಪಾಲರ ಕೈಯ ಸಮೋಸ ಕೈಯಲ್ಲೇ ನಿಂತಿತ್ತು.

ಬೆಲ್ ಹೊಡೆಯಿತು. "ಯಲ್ಲಾ, ಬಸ್ ಟೈಮ್" ಎಂದು ಡ್ರೈವರು ಎದ್ದು ಹೋದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಿನ್ಸಿಪಾಲರು "ನೀವು ಹೇಳಬ್ಯಾಡ್ರಿ, ಅಂವಾನೇ ಹೇಳ್ಬೇಕು" ಎಂದು ಎದ್ದು ಓಡಿದರು. ನಾವು ಮೂವರೂ ಹಿಂದೆ ಓಡಿದೆವು. ಬಸ್ಸು ಸ್ಟಾರ್ಟಾಗಿತ್ತು. ನಲವತ್ತು ಮಕ್ಕಳ ಎದುರು ನಮ್ಮ ಪ್ರಿನ್ಸಿಪಾಲರು ಫುಟ್‌ಬೋರ್ಡ್ ಹತ್ತಿ, ಏದುಸಿರು ಬಿಡುತ್ತ ಕೇಳಿದರು, "ಭಾಯಿ, ಹುಡುಗಿ ಯಾರನ್ನು ಮದುವೆಯಾದಳು?"

ಡ್ರೈವರು ಗೇರ್ ಮೇಲೆ ಕೈಯಿಟ್ಟು ಗಂಭೀರವಾಗಿ ಹೇಳಿದರು: "ಪುಸ್ತಕದಲ್ಲಿ ಕುರುಬನನ್ನೇ ಮದುವೆಯಾಗಿದ್ದಾಳೆ ಸಾರ್. ಆದರೆ ಮರಿ ಹುಟ್ಟಿದ ದಿನವೇ ತಾಯಿಕುರಿಯನ್ನು ಬಿಟ್ಟು ಅವನು ಚರ್ಚಿಗೆ ಹೋದನಂತೆ. ಅದಕ್ಕೆ ನಮ್ಮ ಅಮ್ಮ ಒಪ್ಪಿಲ್ಲ. ಇನ್ನೊಂದು ಸಲ ಮೊದಲಿನಿಂದ ಕೇಳಿ ತೀರ್ಮಾನ ಹೇಳುತ್ತಾರಂತೆ."

ಪ್ರಿನ್ಸಿಪಾಲರು ಇಳಿದು, ಕರ್ಚೀಫಿನಿಂದ ಮುಖ ಒರೆಸಿಕೊಂಡು, ಪಟ್ಟಿಯಲ್ಲಿ ಆರೂ ಹೆಸರು ಹೊಡೆದುಹಾಕಿದರು. "ಅವ್ರ ಅವ್ವ ಒಪ್ಪೂ ತನಕ ಇರ್ಲಿ ಬಿಡ್ರಿ."

ಆ ಮಹಾತಾಯಿ ಇವತ್ತಿನ ತನಕ ಒಪ್ಪಿಲ್ಲ.