ನಮ್ಮ ಬ್ಯಾಂಕು ಮುಳುಗಲಿಲ್ಲ

ಬ್ಯಾಂಕು ಮುಳುಗೋ ಹೊತ್ತಲ್ಲಿ ನಗೋ ಅಂಥದ್ದು ಏನಿರುತ್ತೆ ಅಂತ ಕೆಲವರು ಕೇಳ್ತಾರೆ. ಮುಳುಗೋ ಬ್ಯಾಂಕಲ್ಲಿ ಕೆಲಸ ಮಾಡಿದವರು ಯಾರೂ ಹಾಗೆ ಕೇಳಲ್ಲ. ಅಲ್ಲಿ ದಿನಕ್ಕೊಂದು ನಡೀತಾನೇ ಇರುತ್ತೆ. ನಮ್ಮದು ಸಣ್ಣ ಸಹಕಾರಿ ಬ್ಯಾಂಕು. ತುಮಕೂರಲ್ಲಿ ಹೆಡ್ಡಾಫೀಸು, ಗುಬ್ಬಿ ಮತ್ತು ಕುಣಿಗಲ್‌ನಲ್ಲಿ ಒಂದೊಂದು ಬ್ರಾಂಚು. ನಾನು ಗುಬ್ಬಿಯಲ್ಲಿ ಕ್ಯಾಷಿಯರ್. ತೊಂಬತ್ತರ ದಶಕದ ಕೊನೆಯಲ್ಲಿ ದೊಡ್ಡ ದೊಡ್ಡ ಸಾಲಗಾರರೆಲ್ಲ ಕಂತು ಕಟ್ಟೋದು ನಿಲ್ಲಿಸಿ, ಬ್ಯಾಂಕು ಬಾಗಿಲು ಹಾಕೋ ಸ್ಥಿತಿಗೆ ಬಂತು. ಆದರೆ ಹಾಕಲಿಲ್ಲ.

ಬೋರ್ಡು ಇಳಿದ ದಿನ

ಮೊದಲ ಪೆಟ್ಟು ಕೊಟ್ಟವನು ಪೇಂಟರ್. ಬಣ್ಣ ಹೋಗಿದೆ ಅಂತ ಗುಬ್ಬಿ ಬ್ರಾಂಚಿನ ಬೋರ್ಡು ಇಳಿಸಿಕೊಂಡು ಹೋದ. ಮೊದಲೇ ಗುಸುಗುಸು ಇತ್ತು. ಬೆಳಗ್ಗೆ ಬಂದವರು ಗೋಡೆ ಬೋಳಾಗಿರೋದು ನೋಡಿ, "ಬೋರ್ಡೇ ಹೊತ್ಕೊಂಡ್ ಹೋದ್ರಂತೆ ಕಣೋ" ಅಂದರು. ಹತ್ತು ಗಂಟೆಗೆ ದುಡ್ಡು ತೆಗೆಯೋರ ಕ್ಯೂ ಬೀದಿ ತುದಿ ಮುಟ್ಟಿತ್ತು.

ಮ್ಯಾನೇಜರ್ ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದರು. "ನಾವು ಧೈರ್ಯವಾಗಿದೀವಿ ಅಂತ ಜನಕ್ಕೆ ಕಾಣಬೇಕು. ನಮ್ಮನೆಯೋರಿಗೆ ಫೋನ್ ಮಾಡಿದೀನಿ. ಎಲ್ಲರ ಎದುರಿಗೇ ಡಿಪಾಜಿಟ್ ಇಡ್ಲಿ" ಅಂದರು.

ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು, ಅವರ ಹೆಂಡತಿ ಒಳಗೆ ಬರಲೇ ಇಲ್ಲ. ಹುಡುಕಲು ಹೊರಗೆ ಹೋದೆ. ಕ್ಯೂನಲ್ಲಿ ನಿಂತಿದ್ದರು, ಕೈಯಲ್ಲಿ ಹಣ ತೆಗೆಯೋ ಚೀಟಿ.

"ಇದೇನಮ್ಮಾ ಇದು? ಏನೂ ಆಗಿಲ್ಲ ಅಂತ ಸಾರ್ ಫೋನಲ್ಲಿ ಹೇಳಲಿಲ್ವಾ?" ಅಂದೆ.

"ಹೇಳಿದ್ರು" ಅಂದರು ಆಕೆ. "ಅದಕ್ಕೇ ಬೇಗ ಬಂದೆ."

ಮೂರನೇ ಹೆಸರು

ಆ ದಿನ ಹೇಗೋ ಕಳೆಯಿತು. ಆದರೆ ಹೀಗೇ ಎಲ್ಲರೂ ದುಡ್ಡು ತೆಗೆದರೆ ಬ್ಯಾಂಕು ತಿಂಗಳೂ ಉಳಿಯಲ್ಲ. ಅದಕ್ಕೆ ಠೇವಣಿದಾರರನ್ನೆಲ್ಲ ತುಮಕೂರಿನ ಒಂದು ಕಲ್ಯಾಣ ಮಂಟಪಕ್ಕೆ ಕರೆದೆವು. ಸಭೆ ಮೀನು ಮಾರ್ಕೆಟ್ಟಾಗಿತ್ತು. ಬ್ಯಾಂಕಿನ ಅಧ್ಯಕ್ಷರು ಮೈಕ್ ಹಿಡಿದರೆ ಯಾರೂ ಕೇಳಲ್ಲ.

ಆಗ ಅಮೃತೂರಿನ ಒಬ್ಬರು ರಿಟೈರ್ಡ್ ಸ್ಕೂಲ್ ಮೇಡಂ ಎದ್ದು ನಿಂತರು. ಅವರ ಪಿಂಚಣಿ ಹಣವೆಲ್ಲ ನಮ್ಮಲ್ಲೇ ಇತ್ತು. ಅವರು ಕೂಗಲಿಲ್ಲ, ಸುಮ್ಮನೆ ನಿಂತರು. ಅವರ ಹಳೇ ವಿದ್ಯಾರ್ಥಿಗಳೇ ಅರ್ಧ ಸಭೆ. ಒಬ್ಬೊಬ್ಬರಾಗಿ ಬಾಯಿ ಮುಚ್ಚಿಕೊಂಡರು.

"ಸಾಲ ಕಟ್ಟದೇ ಇರೋರ ಹೆಸರು ಓದ್ರಿ" ಅಂದರು.

ಅಧ್ಯಕ್ಷರು ಪಟ್ಟಿ ತೆಗೆದು ಓದತೊಡಗಿದರು. ಒಂದನೇ ಹೆಸರು, ಎರಡನೇ ಹೆಸರು, ನಾಲ್ಕನೇ ಹೆಸರು.

"ಮೂರು ಎಲ್ಲಿ?" ಅಂದರು ಮೇಡಂ.

ಅಧ್ಯಕ್ಷರು ಮೈಕಿಗೆ ಕೈ ಅಡ್ಡ ಇಟ್ಟು, "ಅವನು ನಮ್ಮ ಭಾಮೈದ, ಮೇಡಂ" ಅಂದರು. ಕೈ ಸರಿಯಾಗಿ ಅಡ್ಡ ಇಟ್ಟಿರಲಿಲ್ಲ. ಇಡೀ ಮಂಟಪಕ್ಕೆ ಕೇಳಿತು.

"ಹಾಗಾದ್ರೆ ಎರಡು ಸಲ ಓದಿ."

ಓದಿದರು. ಭಾಮೈದ ಅಲ್ಲೇ ಎರಡನೇ ಸಾಲಲ್ಲಿ ಕೂತಿದ್ದ. ಆಮೇಲೆ ಮೇಡಂ ಜನರ ಕಡೆ ತಿರುಗಿ, "ಫೇಲಾದ ಹುಡುಗನ್ನ ನಾವ್ಯಾರೂ ಸ್ಕೂಲಿಂದ ಓಡಿಸಲ್ಲ, ಇನ್ನೊಂದ್ಸಲ ಪರೀಕ್ಷೆಗೆ ಕೂರಿಸ್ತೀವಿ. ಎರಡು ವರ್ಷ ಯಾರೂ ದುಡ್ಡು ತೆಗೀಬೇಡಿ" ಅಂದರು. ಎಲ್ಲರೂ ಒಪ್ಪಿ ಕೈ ಎತ್ತಿದರು. ಎಲ್ಲರಿಗಿಂತ ಮೊದಲು ಎತ್ತಿದವನು ಭಾಮೈದ. ಅವನ ಖಾತೆಯಲ್ಲಿ ತೆಗೆಯೋಕೆ ಏನೂ ಇರಲಿಲ್ಲ.

ಹನ್ನೆರಡು ಕಾಫಿ

ಪಟ್ಟಿಯ ಮೊದಲನೇ ಹೆಸರು ಕುಣಿಗಲ್‌ನ ಒಬ್ಬ ಹೋಟೆಲ್ ಮಾಲೀಕನದು. ನೋಟೀಸು ಕೊಟ್ಟು ಕೊಟ್ಟು ನಮ್ಮ ಟೈಪಿಸ್ಟ್ ಬೆರಳು ಸವೆದಿತ್ತು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ. ಕೊನೆಗೆ ಒಂದು ಭಾನುವಾರ ಮೂರೂ ಕಡೆಯ ಸಿಬ್ಬಂದಿ ಹನ್ನೆರಡು ಜನ ಅವನ ಹೋಟೆಲಿಗೆ ಹೋಗಿ, ಒಬ್ಬೊಬ್ಬರು ಒಂದೊಂದು ಟೇಬಲ್ ಹಿಡಿದು ಕೂತೆವು. ಒಬ್ಬೊಬ್ಬರಿಗೆ ಒಂದೊಂದು ಕಾಫಿ, ಅಷ್ಟೇ.

ಬಸ್ಸು ಇಳಿದವರು ಒಳಗೆ ಇಣುಕಿ, ಜಾಗ ಇಲ್ಲ ಅಂತ ಪಕ್ಕದ ಹೋಟೆಲಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಮಾಲೀಕ ಗಲ್ಲಾ ಬಿಟ್ಟು ಎದ್ದು ಬಂದ.

"ಕಾಫಿ ಕುಡಿದಾಯ್ತಲ್ಲ, ಇನ್ನೇನ್ ಕಾಯ್ತಿದೀರಿ?"

"ಕಂತು ಕಾಯ್ತಿದೀವಿ ಸಾರ್" ಅಂದ ನಮ್ಮ ಟೈಪಿಸ್ಟು.

ನಾಲ್ಕು ಗಂಟೆಗೆ ಬಾಕಿಯಷ್ಟಕ್ಕೂ ಚೆಕ್ ಕೊಟ್ಟ. ಅದು ಪಾಸೂ ಆಯಿತು. ಮುಂದಿನ ಶನಿವಾರ ಅವನೇ ಬ್ಯಾಂಕಿಗೆ ಫೋನ್ ಮಾಡಿದ. ಮತ್ತೆ ಜಗಳಕ್ಕೇನೋ ಅಂದುಕೊಂಡೆ. ಅವನು ದನಿ ತಗ್ಗಿಸಿ, "ನಾಳೆ ನಿಮ್ಮೋರು ಬಿಡುವಾಗಿದ್ದರೆ ಆ ಪಕ್ಕದ ಹೋಟೆಲಲ್ಲಿ ಕೂತ್ಕೊಂತಾರಾ? ಕಾಫಿ ದುಡ್ಡು ನಂದು" ಅಂದ.

ಸ್ಟ್ರಾಂಗ್ ರೂಮು

ಇಷ್ಟೆಲ್ಲ ಮಾಡಿದರೂ ಬಂಡವಾಳ ಸಾಲದು. ಬೆಂಗಳೂರಿನ ಒಂದು ದೊಡ್ಡ ಬ್ಯಾಂಕು ನಮ್ಮನ್ನು ಎತ್ತಿ ನಿಲ್ಲಿಸೋಕೆ ಮನಸ್ಸು ಮಾಡಿತು. ಮೊದಲು ಅವರ ಅಧಿಕಾರಿ ಬಂದು ನೋಡಿ ವರದಿ ಕೊಡಬೇಕು. ಬಂದವರು ನಗೋದಿರಲಿ, ನೀರೂ ಕುಡಿಯದ ಮನುಷ್ಯ. ನಮ್ಮೆಲ್ಲರ ಕೆಲಸ, ಊರವರ ಉಳಿತಾಯ ಅವರ ಪೆನ್ನಿನ ತುದಿಯಲ್ಲಿತ್ತು.

ಗುಬ್ಬಿಯಲ್ಲಿ ಹಣ ಇಡೋ ಸ್ಟ್ರಾಂಗ್ ರೂಮಿಗೆ ಒಬ್ಬರೇ ಹೋದರು. "ಈ ಬಾಗಿಲು ಸರಿಯಾಗಿ ಮುಚ್ಚುತ್ತೇನ್ರೀ?" ಅಂತ ಒಳಗಿಂದ ಎಳೆದರು. ಸರಿಯಾಗೇ ಮುಚ್ಚಿತು. ಆಮೇಲೆ ತೆಗೆಯಲಿಲ್ಲ. ಕೀಲಿ ತಿರುಗುತ್ತೆ, ಒಳಗಿನ ಅಗುಳಿ ಕದಲಲ್ಲ. ಗೋಡೆ ಮೇಲಿನ ಕಿಂಡಿಯಿಂದ ಅವರ ದನಿ ಮಾತ್ರ ಬರ್ತಿತ್ತು.

ಗ್ಯಾಸ್ ಕಟ್ಟರ್ ಇದ್ದ ವೆಲ್ಡರ್ ಮನೆಗೆ ಓಡಿದೆ. ಖಾಲಿ ಶೆಡ್ಡಿನ ಮುಂದೆ ಕೈ ಕಟ್ಟಿ ಕೂತಿದ್ದ.

"ಕಟ್ಟರ್ ಎಲ್ಲಯ್ಯಾ?"

"ನಿಮ್ ಬ್ಯಾಂಕಿನ ಹಿತ್ಲಲ್ಲಿ. ಸಾಲ ಕಟ್ಟಿಲ್ಲ ಅಂತ ಹೋದ್ ತಿಂಗ್ಳು ನೀವೇ ಹೊತ್ಕೊಂಡ್ ಹೋದ್ರಲ್ಲ."

ಅವನನ್ನು ಕರೆತಂದೆ. ಮ್ಯಾನೇಜರ್, "ಜಪ್ತಿ ಮಾಡಿದ ಮಾಲು, ಮೇಲಿನವರ ಪರ್ಮಿಷನ್ ಇಲ್ಲದೆ ಹೆಂಗೆ ಕೊಡೋದು?" ಅಂತ ಗೊಣಗಿದರು. ಕಿಂಡಿಯಿಂದ ದನಿ ಬಂತು: "ಪರ್ಮಿಷನ್ ಕೊಟ್ಟಿದೀನಿ. ಕೊಡ್ರಿ."

ವೆಲ್ಡರ್ ಆತುರ ಪಡಲಿಲ್ಲ. ಕಿಂಡಿ ಕಡೆ ಮುಖ ಎತ್ತಿ, "ಸಾರ್, ಮಿಷಿನ್ ಇದ್ರೆ ತಾನೆ ಕೆಲ್ಸ, ಕೆಲ್ಸ ಇದ್ರೆ ತಾನೆ ಕಂತು? ಇದನ್ನ ಇವ್ರಿಗೆ ವಸಿ ತಿಳಿಸಿ ಹೇಳಿ" ಅಂದ.

"ಹೇಳ್ತೀನಪ್ಪ. ಮೊದ್ಲು ಕಟ್ ಮಾಡು."

"ಮೂಲೆಗೆ ಹೋಗಿ ನಿಂತ್ಕೊಳಿ ಸಾರ್, ಕಿಡಿ ಹಾರ್ತದೆ."

ಎರಡು ಗಂಟೆ ಬೇಕಾಯಿತು. ಹೊರಬಂದಾಗ ಅಧಿಕಾರಿಯ ತಲೆ ತುಂಬ ಜೇಡರ ಬಲೆ. ಮೂರು ಎಳನೀರು ಕುಡಿದು, ಸೀದಾ ಕಾರು ಹತ್ತಿದರು. ನಮ್ಮ ಕಥೆ ಮುಗಿಯಿತು ಅಂತ ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತು ಕೂತರು.

ತಿಂಗಳಾದ ಮೇಲೆ ಬಂಡವಾಳ ಬಂತು, ಜೊತೆಗೆ ಆ ಅಧಿಕಾರಿಯ ವರದಿಯ ಪ್ರತಿಯೂ. ಒಬ್ಬರ ಒಂದು ರೂಪಾಯಿಯೂ ಮುಳುಗಲಿಲ್ಲ. ವೆಲ್ಡರ್‌ನ ಮಿಷಿನ್ ಅವನಿಗೇ ಕೊಡಬೇಕು ಅಂತ ವರದಿಯಲ್ಲೇ ಬರೆದಿದ್ದರು, ಅವನು ಪೈಸೆ ಬಿಡದೆ ಸಾಲ ತೀರಿಸಿದ. ಗುಬ್ಬಿ ಬ್ರಾಂಚಿನಲ್ಲಿ ಮೈಸೂರುಪಾಕು ಹಂಚಿ, ವರದಿಯನ್ನು ಎಲ್ಲರ ಮುಂದೆ ನಾನೇ ಓದಿದೆ. ಸ್ಟ್ರಾಂಗ್ ರೂಮಿನ ಭದ್ರತೆ ಅನ್ನೋ ಕಾಲಮ್ಮಿಗೆ ಬಂದಾಗ ನಗು ತಡೆಯಲು ಆಗದೆ ಮ್ಯಾನೇಜರ್ ಕೈಗೆ ಕೊಟ್ಟೆ. ಅಲ್ಲಿ ಹೀಗಿತ್ತು:

"ಅತ್ಯಂತ ಭದ್ರವಾಗಿದೆ. ಖುದ್ದು ಪರೀಕ್ಷಿಸಿದ್ದೇನೆ."