ಗುಡ್ಡ ಹತ್ತಿದ ಹಡಗು

ಪಂಚಾಂಗ: ಗುಡ್ಡದ ಮೇಲೆ ಅಂದ್ರೆ ಗುಡ್ಡದ ಮೇಲೇ. ನಾನೇನು ಮಾಡ್ಲಿ? ಲೆಕ್ಕ ಅಲ್ಲಿಗೇ ಹೋಗ್ತಿದೆ.

ಲಂಗರು: ಮೂರು ಕಂಬದ ಹಡಗು ಕಣೋ ಇದು, ಮೇಕೆ ಅಲ್ಲ. ಇನ್ನೊಂದ್ಸಲ ಕೂಡು.

ಪಂಚಾಂಗ: ನಾಲ್ಕು ಸಲ ಕೂಡಿದೀನಿ. ಮೊದಲನೇ ಸಲ ಗುಡ್ಡದ ಬುಡದಲ್ಲಿತ್ತು. ಕೂಡಿದಷ್ಟೂ ಮೇಲೆ ಹತ್ತುತ್ತಿದೆ.

ಹಡಗಿನ ಅಡುಗೆಮನೆಯ ಮೇಜಿನ ಮೇಲೆ ನಕಾಶೆ ಹರಡಿತ್ತು. ಹಡಗು ಓಲಾಡಿದಾಗ ಅದು ಜಾರದಿರಲೆಂದು ನಾಲ್ಕು ಮೂಲೆಗೂ ಒಂದೊಂದು ಈರುಳ್ಳಿ ಇಟ್ಟಿದ್ದರು. ಸೂರ್ಯನ ಲೆಕ್ಕದ ಕೋಷ್ಟಕಗಳ ಪುಸ್ತಕವನ್ನು ಸ್ನಾನಕ್ಕೆ ಹೋಗುವಾಗಲೂ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದುದರಿಂದ ಅವನು ಪಂಚಾಂಗ. ಹೊರಟ ದಿನ ಅಡುಗೆಮನೆಯಲ್ಲಿ ಕೂತವಳು ಮೂವತ್ತೊಂದು ದಿನವಾದರೂ ಅಲ್ಲಿಂದ ಕದಲಿಲ್ಲವೆಂದು ಅವಳು ಲಂಗರು.

ಅವಳು ಕದಲದಿರುವುದಕ್ಕೆ ಕಾರಣವಿತ್ತು. ನಲವತ್ತು ವಿದ್ಯಾರ್ಥಿಗಳನ್ನು ಹಾಯಿಹಡಗಿನಲ್ಲಿ ಸಾಗರ ದಾಟಿಸುತ್ತಿದ್ದ ಕಪ್ತಾನಮ್ಮ, ದಾರಿ ತೋರಿಸುವ ಉಪಗ್ರಹದ ಪೆಟ್ಟಿಗೆಗೆ ಮೊದಲ ದಿನವೇ ಬೀಗ ಜಡಿದಿದ್ದಳು. ದಿನಾ ಮಧ್ಯಾಹ್ನ ಒಂದೊಂದು ಜೋಡಿಯೂ ಹಿತ್ತಾಳೆಯ ಯಂತ್ರ ಹಿಡಿದು ಸೂರ್ಯನ ಎತ್ತರ ಅಳೆಯಬೇಕು, ಅಳೆದ ಗಳಿಗೆ ಬರೆದುಕೊಳ್ಳಬೇಕು, ಹಡಗು ಎಲ್ಲಿದೆಯೆಂದು ಶಾಯಿಯಲ್ಲಿ ಬರೆದುಕೊಡಬೇಕು. ಕಪ್ತಾನಮ್ಮನದೇ ಸರಿ ಉತ್ತರ. ಅದಕ್ಕೆ ತೀರ ಹತ್ತಿರವಿದ್ದ ಜೋಡಿಗೆ ಆ ಸಂಜೆ ಒಂದು ಗಂಟೆ ಚುಕ್ಕಾಣಿ, ತೀರ ದೂರವಿದ್ದ ಜೋಡಿಗೆ ಈರುಳ್ಳಿ ಸುಲಿಯುವ ಶಿಕ್ಷೆ. ದಿನವೂ ಆ ಕೊನೆಯ ಜೋಡಿ ಇವರಿಬ್ಬರೇ. ಲಂಗರು ಈವರೆಗೆ ಸುಲಿದ ಸಿಪ್ಪೆಯನ್ನು ಹೊಲಿದಿದ್ದರೆ ಹಡಗಿಗೆ ಇನ್ನೊಂದು ಜೊತೆ ಹಾಯಿ ಆಗುತ್ತಿತ್ತು. ಅವಳ ಕಣ್ಣೀರಿನಿಂದಲೇ ಸಾಗರ ಉಪ್ಪಾಗಿದ್ದು ಎಂದು ನಾವಿಕರು ಆಡಿಕೊಳ್ಳುತ್ತಿದ್ದರು.

ಇವತ್ತೇ ಕೊನೆಯ ಲೆಕ್ಕ. ನಾಳೆಯಿಂದ ಕರಾವಳಿ ಹತ್ತಿರವೆಂದು ನಾವಿಕರೇ ಹಡಗು ನಡೆಸುತ್ತಾರೆ.

ಲಂಗರು: ಊರಿಗೆ ಹೋಗಿ ಅಜ್ಜನಿಗೆ ಏನಂತ ಹೇಳ್ಲಿ? ಹಡಗು ನಡೆಸಿ ಬರ್ತೀನಿ ಅಂತ ಬೀದಿಗೆಲ್ಲ ಡಂಗುರ ಹೊಡೆದು ಬಂದಿದೀನಿ. ಈರುಳ್ಳಿ ಸುಲೀತಾ ಸುಲೀತಾ ಸಾಗರ ದಾಟಿದೆ ಅನ್ಲಾ?

ಪಂಚಾಂಗ: ತಪ್ಪು ನಿನ್ನದೇ ಇರಬೇಕು. ನೀನು ಯಂತ್ರದಲ್ಲಿ ನೋಡಿದ್ದು ಸೂರ್ಯನನ್ನೇ ತಾನೆ?

ಲಂಗರು: ಆಕಾಶದಲ್ಲಿ ಇವತ್ತು ಅದೊಂದೇ ಇತ್ತು.

ಒಲೆಯ ಮುಂದೆ ಸೂಪು ತಿರುವುತ್ತಿದ್ದ ಅಡುಗೆಯಣ್ಣನ ಕಿವಿಗೆ ಗುಡ್ಡ ಎಂಬುದಷ್ಟೇ ಬಿದ್ದಿತ್ತು. ಅವನು ಕಿಟಕಿಗೆ ಮೂಗು ಒತ್ತಿ ಹೊರಗೆ ನೋಡಿದ.

ಅಡುಗೆಯಣ್ಣ: ಗುಡ್ಡ ಬಂತಾ? ಹೇಳಬಾರದಾ ಮತ್ತೆ, ಇಳಿದು ತಾಜಾ ಸೊಪ್ಪು ತರ್ತಿದ್ದೆ.

ಲಂಗರು: ಗುಡ್ಡ ಬಂದಿಲ್ಲ ಅಣ್ಣ, ನಾವು ಹೋಗಿದೀವಿ. ಕರಾವಳಿಯಿಂದ ನೂರೈವತ್ತು ಮೈಲಿ ಒಳಗೆ, ನೆತ್ತಿಯ ಮೇಲೆ ಕೂತಿದೀವಿ.

ಅಡುಗೆಯಣ್ಣ ಇನ್ನೊಮ್ಮೆ ಕಿಟಕಿಯಲ್ಲಿ ನೋಡಿ, ನೀರು ಬಹಳ ಮೇಲಕ್ಕೆ ಬಂದಂತಿದೆ ಎಂದ. ಪಂಚಾಂಗನಿಗೆ ರೇಗಿತು. ಕೂಡಿದ್ದು ಸರಿ, ಕಳೆದದ್ದು ಸರಿ, ಗಳಿಗೆಯಂತೂ ಸೆಕೆಂಡಿನವರೆಗೆ ಸರಿ ಎಂದು ಮೇಜು ಗುದ್ದಿದ. ಚುಕ್ಕಾಣಿಯ ಹತ್ತಿರದ ದೊಡ್ಡ ಗಡಿಯಾರಕ್ಕೆ ಮೂವತ್ತೆಂಟು ಜನ ಇರುವೆಗಳಂತೆ ಮುತ್ತಿದ್ದರಂತೆ. ಲಂಗರು ಈರುಳ್ಳಿ ಬಿಟ್ಟು ಬಾಗಿಲಿಗೆ ಬಂದು ಸೂರ್ಯನನ್ನು ಹಿಡಿದಳಂತೆ, ತಾನು ಇಲ್ಲೇ ಗೋಡೆ ನೋಡಿ ಬರೆದುಕೊಂಡನಂತೆ.

ಅಡುಗೆಯಣ್ಣನ ಸೌಟು ಸೂಪಿನೊಳಗೆ ಮುಳುಗಿತು.

ಅಡುಗೆಯಣ್ಣ: ಯಾವ ಗೋಡೆ?

ಪಂಚಾಂಗ: ಈ ಗೋಡೆ. ಈ ಗಡಿಯಾರ.

ಅಡುಗೆಯಣ್ಣ: ಅದು ಗಡಿಯಾರ ಅಲ್ಲಪ್ಪ. ಅಂದ್ರೆ, ಗಡಿಯಾರಾನೇ. ಆದರೆ ಊಟದ ಗಡಿಯಾರ. ಅರ್ಧ ಗಂಟೆ ಮುಂದಿಟ್ಟಿದೀನಿ.

ಲಂಗರು: ಯಾಕಣ್ಣ?

ಅಡುಗೆಯಣ್ಣ: ನಾನು ಗಂಟೆ ಬಾರಿಸಿದ ಮೇಲೆ ನೀವು ನಲವತ್ತು ಜನ ಅರ್ಧ ಗಂಟೆ ಕಳೆದು ಬರ್ತೀರಿ. ಸೂಪು ಆರುತ್ತೆ. ಗಡಿಯಾರ ಮುಂದಿಟ್ಟೆ, ಸೂಪು ಬಿಸಿಯಾಯಿತು. ಯಾರಿಗೆ ಏನು ನಷ್ಟ?

ಪಂಚಾಂಗ: ಅರ್ಧ ಗಂಟೆ ಅಂದ್ರೆ ನಕಾಶೆಯಲ್ಲಿ ನಾನೂರೈವತ್ತು ಮೈಲಿ ಅಣ್ಣ. ನಿನ್ನ ಸೂಪು ಬಿಸಿ ಮಾಡೋಕೆ ಹಡಗನ್ನ ಗುಡ್ಡ ಹತ್ತಿಸಿದೀಯ.

ಕಪ್ತಾನಮ್ಮನಿಗೆ ಮಾತ್ರ ಹೇಳಬೇಡಿ ಎಂದು ಅಡುಗೆಯಣ್ಣ ಅಂಗಲಾಚಿದ. ಲಂಗರು ಹೊಸ ಹಾಳೆಗೆ ಕೈ ಹಾಕುವಷ್ಟರಲ್ಲಿ ಬಾಗಿಲು ತೆರೆಯಿತು. ಕಪ್ತಾನಮ್ಮ ಬಂದಳು, ಅವಳಿಗಿಂತ ಒಂದು ಮೊಳ ಮುಂದೆ ಅವಳ ಕೋಪ ಬಂತು. ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿಕೊಂಡಳು, ಓದಿದಳು, ಮತ್ತೊಮ್ಮೆ ಓದಿದಳು.

ಕಪ್ತಾನಮ್ಮ: ಹತ್ತೊಂಬತ್ತು ಜೋಡಿ, ಹತ್ತೊಂಬತ್ತೂ ಸಮುದ್ರದ ಮಧ್ಯೆ. ಒಂದು ತಿಂಗಳು ಗಂಟಲು ಹರಿದುಕೊಂಡು ಪಾಠ ಹೇಳಿದ್ದಕ್ಕೆ ಇದಾ ಫಲ? ಅಷ್ಟೂ ಜನ ಇವತ್ತು ಈರುಳ್ಳಿಗೆ ಕೂರಲಿ. ನೀವಿಬ್ಬರೇ ಕಣ್ರೋ ನನ್ನ ಮಾನ ಉಳಿಸಿದವರು. ನನ್ನ ಉತ್ತರಕ್ಕೆ ಎರಡೇ ಮೈಲಿ.

ಲಂಗರು: ನಿಮ್ಮದೂ ಗುಡ್ಡದ ಮೇಲಾ?

ಕಪ್ತಾನಮ್ಮ: ನೆತ್ತಿಯ ಮೇಲೆ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಲೆಕ್ಕ ತಪ್ಪಿಲ್ಲ. ನಕಾಶೆ ಹಳೇದಿರಬೇಕು.

ಅಡುಗೆಯಣ್ಣ: ಹೊರಗೆ ಸಮುದ್ರ ಕಾಣ್ತಿದೆಯಲ್ಲ ತಾಯಿ.

ಕಪ್ತಾನಮ್ಮ: ಸಮುದ್ರ ಏನು ಬೇಕಾದರೂ ಹೇಳಲಿ. ನೀನು ಹೋಗಮ್ಮ, ಚುಕ್ಕಾಣಿ ನಿನ್ನದು.

ಲಂಗರು ಬಾಗಿಲಿನವರೆಗೆ ಹೋದಳು. ಬಾಯಿ ಬಿಟ್ಟರೆ ಚುಕ್ಕಾಣಿ ಕೈತಪ್ಪೀತು. ಬಿಡದಿದ್ದರೆ ಮೂವತ್ತೆಂಟು ಅಮಾಯಕರು ಈರುಳ್ಳಿಗೆ ಕೂರಬೇಕು. ಈರುಳ್ಳಿ ಏನೆಂದು ಈ ಹಡಗಿನಲ್ಲಿ ಅವಳಷ್ಟು ಬಲ್ಲವರಿರಲಿಲ್ಲ. ಅವಳ ಕಾಲು ತಾನಾಗಿ ತಿರುಗಿತು.

ಲಂಗರು: ಕಪ್ತಾನಮ್ಮ, ನೀವು ಗಳಿಗೆ ಯಾವುದರಲ್ಲಿ ನೋಡಿದ್ರಿ?

ಕಪ್ತಾನಮ್ಮ: ನನ್ನ ಕೈಗಡಿಯಾರದಲ್ಲಿ. ಬೆಳಿಗ್ಗೆ ನಿಂತುಹೋಗಿತ್ತು, ಇಲ್ಲಿ ಗೋಡೆ ನೋಡಿ ಸರಿ ಮಾಡಿಕೊಂಡೆ. ಯಾಕೆ?

ಮೂರು ಜೊತೆ ಕಣ್ಣು ಅಡುಗೆಯಣ್ಣನ ಕಡೆ ತಿರುಗಿದವು. ಅವನು ಮುಳುಗಿದ ಸೌಟನ್ನು ಹುಡುಕುವ ನೆಪದಲ್ಲಿ ಹಂಡೆಯೊಳಗೆ ತಲೆಯಿಟ್ಟು ಅಲ್ಲಿಂದಲೇ ಎಲ್ಲವನ್ನೂ ಒಪ್ಪಿಕೊಂಡ. ಕಪ್ತಾನಮ್ಮ ಈರುಳ್ಳಿ ಬುಟ್ಟಿಯ ಮೇಲೆ ಕುಸಿದು ಬೆರಳೆಣಿಸಿ ಲೆಕ್ಕ ಹಾಕಿದಳು. ಹಡಗು ಗುಡ್ಡ ಇಳಿಯಿತು, ಬಯಲು ದಾಟಿತು, ಕರಾವಳಿಯಿಂದ ಮುನ್ನೂರು ಮೈಲಿ ಈಚೆಗೆ ಬಂದು ನೀರಿಗೆ ಬಿತ್ತು. ಎರಡೂ ಉತ್ತರ ಜೊತೆಜೊತೆಯಾಗಿಯೇ ಇಳಿದವು. ನಡುವೆ ಆಗಲೂ ಎರಡೇ ಮೈಲಿ. ಹತ್ತೊಂಬತ್ತು ಹಾಳೆಗಳಲ್ಲಿ ಅಷ್ಟು ಹತ್ತಿರ ಒಂದೂ ಇರಲಿಲ್ಲ.

ಕಪ್ತಾನಮ್ಮ ಎದ್ದು ಬಾಗಿಲು ಮುಚ್ಚಿದಳು. ದನಿ ಇಳಿಯಿತು.

ಕಪ್ತಾನಮ್ಮ: ಚುಕ್ಕಾಣಿ ನಿನ್ನದೇ, ನ್ಯಾಯವಾಗಿ. ಒಂದು ಗಂಟೆ. ಆದರೆ ಈ ವಿಷಯ ಬಂದರು ಮುಟ್ಟುವವರೆಗೂ ನಮ್ಮ ನಾಲ್ಕು ಜನರಲ್ಲೇ ಇರಲಿ.

ಲಂಗರು: ಒಂದು ಗಂಟೆ ಚುಕ್ಕಾಣಿ ಕೊಟ್ಟರೆ ಒಂದು ಗಂಟೆ ಗುಟ್ಟು ಇಟ್ಕೊಳ್ತೀನಿ. ಬಂದರಿನವರೆಗೂ ಅಂದ್ರೆ, ಕಪ್ತಾನಮ್ಮ, ಆ ಲೆಕ್ಕ ನೀವೇ ಹಾಕಿ.