ರೋಗ ಬಂದ ತೋಟಕ್ಕೇ ನೆಂಟರು

ವೈನ್ ದ್ರಾಕ್ಷಿ ಬೆಳೆಯುವವರ ಪಾಡೇ ಹೀಗೆ, ಇನ್ನು ಪೆದ್ದುತನ ಮಾಡಬಾರದು ಎಂದುಕೊಂಡ ದಿನವೇ ಏನಾದರೊಂದು ಆಗುತ್ತದೆ. ಬೇಗೂರಿನ ಹಿಂದೆ, ಎರಡು ಅಪಾರ್ಟ್‌ಮೆಂಟುಗಳ ನಡುವೆ ನನ್ನದು ಅರ್ಧ ಎಕರೆ. ಕಾರ್ಖಾನೆಯಿಂದ ನಿವೃತ್ತನಾದ ವರ್ಷವೇ ಹೆಂಡತಿ ತೀರಿಕೊಂಡಳು. ಮಕ್ಕಳಿಲ್ಲ. ಸುಮ್ಮನೆ ಕೂರಲಾಗದೆ ಬಳ್ಳಿ ನೆಟ್ಟೆ.

ನಮ್ಮದು ಮೂವರ ಗುಂಪು: ನಾನು, ಎಲ್ಲರೂ ಯಜಮಾನರು ಎನ್ನುವ ಹಿರಿಯ ರೈತರು, ಬಾಡಿಗೆ ಮನೆಗಳ ಪಕ್ಕ ದ್ರಾಕ್ಷಿ ಹಬ್ಬಿಸಿರುವ ಅಕ್ಕ. ಯಾರ ಬಳ್ಳಿಗೆ ರೋಗವೋ, ಆ ಭಾನುವಾರ ಅವರ ತೋಟದಲ್ಲಿ ಎಲ್ಲರೂ ಸೇರಿ ಕಲಿಯುವುದು. ಉಳಿದ ಆರು ದಿನ ನಾನು ಮಾತಾಡುವುದು ಹಾಲಿನವನ ಹತ್ತಿರ ಮಾತ್ರ, ಅದೂ "ಅರ್ಧ ಲೀಟರ್" ಎಂದು.

ಅಳತೆ

ಮೊದಲ ಸಲ ಬಳ್ಳಿ ಸವರುವಾಗ ಯಜಮಾನರು, "ಎಲ್ಡು ಕಣ್ಣು ಬುಟ್ಟು ಕತ್ತರ್ಸಿ" ಎಂದರು. ಕಣ್ಣೆಂದರೆ ಚಿಗುರು ಒಡೆಯುವ ಜಾಗ. ಮೂವತ್ತು ವರ್ಷ ಬೋಲ್ಟು ಅಳೆದವನು ನಾನು. ಅದೇ ವರ್ನಿಯರ್ ಮಾಪಕ ಹಿಡಿದು ಪ್ರತಿ ಕಡ್ಡಿಯನ್ನೂ ಒಂದೇ ಉದ್ದಕ್ಕೆ ಕತ್ತರಿಸಿದೆ. ಸಂಜೆ ಯಜಮಾನರು ಬಂದು ಸಾಲಿನುದ್ದಕ್ಕೂ ನಡೆದು ನೋಡಿದರು.

"ಚೆನ್ನಾಗವೆ ಸಾ. ಎಲ್ಲಾ ಒಂದೇ ಅಳತೆ. ಕಣ್ಣು ಮಾತ್ರ ಒಂದ್ರಲ್ಲೂ ಇಲ್ಲ."

ಮಿಷನ್ನು

ಹಣ್ಣಿನ ಸಿಹಿ ಅಳೆಯುವ ಪುಟ್ಟ ಮಿಷನ್ನೊಂದನ್ನು ಮೂವರೂ ಸೇರಿ ತಂದೆವು. ರಸ ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ಒಳಗೆ ಅಂಕಿ ಕಾಣುತ್ತದೆ. ಮೊದಲ ವಾರ ನಾನು ಓದಿ ಹೇಳಿದಾಗಲೆಲ್ಲ ಯಜಮಾನರು ಒಂದೊಂದು ಹಣ್ಣು ತಿಂದರು. ಎರಡನೇ ವಾರ ನಾನು ಕಣ್ಣು ಕಿರಿದು ಮಾಡುವ ಮೊದಲೇ, "ಇಪ್ಪತ್ತೆಲ್ಡು" ಎಂದರು. ನೋಡಿದರೆ ಇಪ್ಪತ್ತೆರಡೇ! ಮುಂದಿನ ಸಾಲಿನಲ್ಲಿ "ಇಪ್ಪತ್ತು" ಎಂದರು. ಅದೂ ಸರಿ.

"ಹಂಗಾದ್ರೆ ಈ ಮಿಷನ್ ಯಾಕ್ ತಂದ್ವಿ ಯಜಮಾನ್ರೇ?" ಎಂದರು ಅಕ್ಕ.

"ಇರ್ಲಿ ಬುಡವ್ವ, ನಂಗೆ ನೆಗಡಿ ಆದಾಗ ಬೇಕಾಯ್ತದೆ."

ಮನೆಗೆ ಬಂದು ಬೀಗ ತೆಗೆದು, ಇದನ್ನು ಯಾರಿಗೆ ಹೇಳಲಿ ಎಂದು ನೋಡಿದರೆ ಫ್ರಿಜ್ಜೊಂದೇ ಗುಂಯ್ ಎನ್ನುತ್ತಿತ್ತು. ಅದಕ್ಕೇ ಹೇಳಿದೆ.

ಬೂದಿ ರೋಗ

ಈ ವರ್ಷ ಮೂವರೂ ಕಲಿತುಬಿಟ್ಟೆವು, ಅದೇ ಎಡವಟ್ಟಾಯಿತು. ಹೊತ್ತಿಗೆ ಸರಿಯಾಗಿ ಔಷಧಿ, ಎಲೆಗಳ ನಡುವೆ ಗಾಳಿ, ಯಾರ ತೋಟದಲ್ಲೂ ಒಂದು ಚುಕ್ಕೆ ರೋಗವಿಲ್ಲ. ರೋಗವಿಲ್ಲದ ಮೇಲೆ ಸೇರುವುದೂ ಇಲ್ಲ. ಆರು ಭಾನುವಾರ ಗೇಟು ನೋಡುತ್ತಾ ಕಳೆದೆ. ಸುಮ್ಮನೆ ಕಾಫಿಗೆ ಬನ್ನಿ ಎನ್ನಲು ನಾಚಿಕೆ.

ಏಳನೇ ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಅಕ್ಕಿ ಹಿಟ್ಟು ತಂದು ಹತ್ತು ಎಲೆಗೆ ಉದುರಿಸಿದೆ. ಬೂದಿ ರೋಗ ಬಂದರೆ ಎಲೆ ಹಾಗೇ ಬೆಳ್ಳಗಾಗುತ್ತದೆ. ಫೋಟೋ ತೆಗೆದು ಗ್ರೂಪಿಗೆ ಹಾಕಿದೆ: "ಬೂದಿ ರೋಗ. ಏನು ಮಾಡಲಿ?"

ಅರ್ಧ ಗಂಟೆಯಲ್ಲಿ ಇಬ್ಬರೂ ಹಾಜರು. ಯಜಮಾನರು ಔಷಧಿ ಹೊಡೆಯುವ ಡಬ್ಬಿಯನ್ನು ಬೆನ್ನಿಗೆ ಹಾಕಿಕೊಂಡೇ ಬಂದಿದ್ದರು. ಅಷ್ಟರಲ್ಲಿ ಎಲೆಗೆ ಇರುವೆ ಮುತ್ತಿದ್ದವು. ಅಕ್ಕ ಒಂದೆಲೆಯನ್ನು ಬೆರಳಲ್ಲಿ ಉಜ್ಜಿ, ನನ್ನ ಮುಖ ನೋಡಿದರು.

"ಯಜಮಾನ್ರೇ, ಡಬ್ಬಿ ಇಳಿಸಿ. ಇದಕ್ಕೆ ಔಷಧಿ ಹೊಡಿಯೋದಲ್ಲ."

"ಮತ್ತೇನ್ ಮಾಡದು?"

"ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಾಕಿ ರೊಟ್ಟಿ ತಟ್ಟೋದು."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಒಬ್ಬನೇ ಇದ್ದು ಇದ್ದು ಬೇಜಾರಾಗಿತ್ತು, ಅದಕ್ಕೆ..." ಎಂದೆ. ಇಬ್ಬರೂ ನಗಲಿಲ್ಲ. ಯಜಮಾನರು ಡಬ್ಬಿ ಇಳಿಸಿ ಬದುವಿನ ಮೇಲೆ ಕೂತು ನಿಟ್ಟುಸಿರು ಬಿಟ್ಟರು.

"ಅಕ್ಕಿ ಹಿಟ್ಟು ನಂಗ್ಯಾಕೆ ಒಳೀಲಿಲ್ವೋ ಸಾ. ನಾನು ನಿನ್ನೆಯಿಂದ ವಿಭೂತಿ ಗಟ್ಟಿ ಕುಟ್ತಾ ಕೂತಿವ್ನಿ."